ನನ್ನ ಮಷೀನಲ್ಲಿ ನಡೀತಿದೆಯಲ್ಲ

"ನನ್ನ ಮಷೀನಲ್ಲಿ ನಡೀತಿದೆಯಲ್ಲ" ಅಂತ ಟೀಮಿನ ಗ್ರೂಪಿನಲ್ಲಿ ನಾನು ಬರೆದದ್ದು ಒಂದು ಸೋಮವಾರ. ಓದಬೇಕಾಗಿದ್ದವಳು ಒಬ್ಬಳು, ಓದಿದವರು 14 ಮಂದಿ. ಅವಳು ಕೆಲಸಕ್ಕೆ ಸೇರಿ ಇನ್ನೂ ವಾರ ತುಂಬಿರಲಿಲ್ಲ.

ನಮ್ಮ ಬಿಲ್ಡ್ ಓಡೋದು ಡಾಕರ್ ಕಂಟೇನರಿನೊಳಗೆ. ಖಾಸಗಿ ಗಿಟ್ ರಿಪೋಗಳಿಂದ ಕೋಡ್ ಎಳೆದುಕೊಳ್ಳೋಕೆ ಅದಕ್ಕೆ ಎಸ್‌ಎಸ್‌ಎಚ್ ಕೀ ಬೇಕು. ಕೀಯನ್ನೇ ಒಳಗೆ ಕಾಪಿ ಮಾಡೋದು ಕ್ಷೇಮವಲ್ಲ. ಅದಕ್ಕೇ ಲ್ಯಾಪ್‌ಟಾಪಿನ ಎಸ್‌ಎಸ್‌ಎಚ್ ಏಜೆಂಟಿನ ಸಾಕೆಟ್ಟನ್ನು ಕಂಟೇನರಿಗೆ ಮೌಂಟ್ ಮಾಡೋ ಸ್ಕ್ರಿಪ್ಟ್ ಬರೆದಿದ್ದೆ. ನನ್ನ ಉಬುಂಟುವಿನಲ್ಲಿ ಅದು ಎರಡು ವರ್ಷ ಕಮಕ್ ಕಿಮಕ್ ಅಂದಿರಲಿಲ್ಲ. ಅವಳ ಮ್ಯಾಕಿನಲ್ಲಿ ಮಾತ್ರ ಏಜೆಂಟ್ ಸಿಗಲೊಲ್ಲದು.

"ಮೂರು ಸಲ ಮೊದಲಿಂದ ಮಾಡಿದೆ ಸರ್" ಅಂದಳು.

"ನಿಮ್ಮ ಮ್ಯಾಕಲ್ಲೇ ಡಾಕರಿನ ಸಾಕೆಟ್ ಮೌಂಟ್ ಆಗಿ ಕೆಲಸ ಮಾಡ್ತಿದೆ ತಾನೆ? ಅದು ಆದ್ರೆ ಇದೂ ಆಗ್ಬೇಕು. ಏನೋ ಸ್ಟೆಪ್ ಬಿಟ್ಟಿದ್ದೀರ" ಅಂದೆ.

ಆ ವಾದವೇ ಪೊಳ್ಳು ಅಂತ ಗೊತ್ತಾಗಿದ್ದು ಬುಧವಾರ ಸಂಜೆ, ಅವಳ ಪಕ್ಕ ಕೂತಾಗ.

ಯೂನಿಕ್ಸ್ ಸಾಕೆಟ್ ನೋಡೋಕೆ ಫೈಲಿನ ಹಾಗೇ ಇರುತ್ತದೆ, ಫೋಲ್ಡರಿನ ಪಟ್ಟಿಯಲ್ಲೂ ಕಾಣಿಸುತ್ತದೆ. ಆದರೆ ಡಿಸ್ಕಿನ ಮೇಲಿರೋದು ಬರೀ ಹೆಸರು. ಆ ಕಡೆ ಯಾರು ಕೇಳಿಸಿಕೊಳ್ತಿದ್ದಾರೆ ಅನ್ನೋ ಲೆಕ್ಕವೆಲ್ಲ ಕರ್ನಲ್ಲಿನ ಮೆಮೊರಿಯಲ್ಲಿ. ಲಿನಕ್ಸಿನಲ್ಲಿ ಕಂಟೇನರಿಗೆ ಬೇರೆ ಕರ್ನಲ್ ಇಲ್ಲ, ಹೋಸ್ಟಿನದೇ. ಹೆಸರು ಕೊಟ್ಟರೆ ಸಾಕು. ಮ್ಯಾಕಿನಲ್ಲಿ ಡಾಕರ್ ಡೆಸ್ಕ್‌ಟಾಪ್ ತೆರೆಮರೆಯಲ್ಲಿ ಒಂದು ಲಿನಕ್ಸ್ ವರ್ಚುವಲ್ ಮಷೀನ್ ಓಡಿಸುತ್ತದೆ, ಕಂಟೇನರುಗಳ ಸಂಸಾರವೆಲ್ಲ ಅದರೊಳಗೆ. ಫೈಲು, ಫೋಲ್ಡರು ಆ ಗೋಡೆ ದಾಟುತ್ತವೆ. ಸಾಕೆಟ್ ದಾಟಲ್ಲ. ನಮ್ಮನೆ ಕಾಲಿಂಗ್ ಬೆಲ್ಲಿನ ಸ್ವಿಚ್ಚು ಕಿತ್ತು ಪಕ್ಕದ್ಮನೆ ಗೋಡೆಗೆ ಅಂಟಿಸಿದ ಹಾಗೆ. ಒತ್ತಬಹುದು, ವೈರಿಲ್ಲ.

ಮತ್ತೆ ಡಾಕರಿನ ಸಾಕೆಟ್ ಹೇಗೆ ನಡೀತಿತ್ತು? ಡಾಕರ್ ಡೀಮನ್ ವಾಸ ಮಾಡೋದೂ ಅದೇ ವರ್ಚುವಲ್ ಮಷೀನಿನೊಳಗೆ. ಕಂಟೇನರಿಗೆ ಸಿಗ್ತಿದ್ದದ್ದು ಅಲ್ಲಿನ ಸಾಕೆಟ್, ಮ್ಯಾಕಿನದಲ್ಲ. ಗೋಡೆ ದಾಟೋ ಪ್ರಶ್ನೆಯೇ ಇಲ್ಲ. (ವಿಂಡೋಸಿನಲ್ಲಿ ಕ್ಲೈಂಟು ಡೀಮನ್ನನ್ನು ಕರೆಯೋದು ನೇಮ್ಡ್ ಪೈಪ್ ಮೂಲಕ, ಅದರ ಗೋಳು ಇನ್ನೊಂದು.) ಅಂದಹಾಗೆ, ಲಿನಕ್ಸಿನಲ್ಲಿ ಸಾಮಾನ್ಯವಾಗಿ ಆ ಡಾಕರ್ ಸಾಕೆಟ್ಟನ್ನು ಕಂಟೇನರಿಗೆ ಕೊಡೋದಂದ್ರೆ ಹೋಸ್ಟಿನ ರೂಟ್ ಅಧಿಕಾರವನ್ನೇ ಕೈಗಿಟ್ಟ ಹಾಗೆ. ಅದನ್ನೂ ಯೋಚಿಸದೇ ಸ್ಕ್ರಿಪ್ಟಿಗೆ ಹಾಕಿದ್ದ ಮಹಾನುಭಾವ ನಾನೇ.

ಪರಿಹಾರವನ್ನು ಡಾಕರಿನವರೇ ಮಾಡಿಟ್ಟಿದ್ದರು. ವರ್ಚುವಲ್ ಮಷೀನಿನ 'ರನ್' ಫೋಲ್ಡರಿನಲ್ಲಿ 'ಹೋಸ್ಟ್-ಸರ್ವೀಸಸ್' ಅಂತೊಂದಿದೆ. ಅಲ್ಲಿ ಎಸ್‌ಎಸ್‌ಎಚ್‌ಗೆಂದೇ ಇಟ್ಟ ಸಾಕೆಟ್, ತನಗೆ ಬಂದ ಮಾತನ್ನು ಮ್ಯಾಕಿನ ಏಜೆಂಟಿಗೆ ದಾಟಿಸುತ್ತದೆ. ಸ್ಕ್ರಿಪ್ಟಿನಲ್ಲಿ ಎರಡು ಸಾಲು ಬದಲಾಯಿತು. ಹುಡುಕಿದ್ದು ಅವಳು, ನಾನಲ್ಲ.

ಗುರುವಾರ ಬೆಳಗ್ಗೆ ಅದೇ ಗ್ರೂಪಿನಲ್ಲಿ ಬರೆದೆ: ತಪ್ಪು ನನ್ನ ಸ್ಕ್ರಿಪ್ಟಿನದು, ಅವರದಲ್ಲ. 14 ಜನವೂ ಓದಿದರು. ಅವಳು ಉತ್ತರಿಸಲಿಲ್ಲ. ಕಮಿಟ್ ಮೆಸೇಜಿನಲ್ಲಿ ಮಾತ್ರ "ಇನ್ನು ನನ್ನ ಮಷೀನಲ್ಲೂ ನಡೀತಿದೆ" ಅಂತ ಹಾಕಿದ್ದಳು.