ಬೀದರಕ್ಕೆ ಹೋಗಿ ಬಂದೆವು

ಹಂಪೆಯನ್ನು ಕಂಡವರು, ಮೈಸೂರಿನ ದಸರೆಯನ್ನು ನೋಡಿದವರು ಹೈದರಾಬಾದಿನ ನಮ್ಮ ಕನ್ನಡ ಬಳಗದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕಾಶಿ ರಾಮೇಶ್ವರಗಳನ್ನು ಮುಗಿಸಿ ಬಂದ ಹಿರಿಯರೂ ಇದ್ದಾರೆ. ಆದರೆ ಬೀದರವನ್ನು ನೋಡಿದ್ದೀರಾ ಎಂದು ಕೇಳಿದರೆ, "ಅದೇನು ಬಿಡಿ, ಇಲ್ಲೇ ಇದೆಯಲ್ಲ, ಎಂದಾದರೂ ಹೋದರಾಯಿತು" ಎನ್ನುತ್ತಾರೆ. ಹತ್ತಿರದ ಊರಿನ ಹಣೆಬರಹವೇ ಇಷ್ಟು. ರಸ್ತೆಯಲ್ಲಿ ಹೋದರೆ ಸುಮಾರು 140 ಕಿಲೋಮೀಟರು. ನಸುಕಿನ ಬಸ್ಸು ಹಿಡಿದವರು ಊಟದ ಹೊತ್ತಿಗೆ ಮೊದಲೇ ಕೋಟೆಯೊಳಗಿರಬಹುದು.

ನಮಗೆ ಹೋಗಲು ಇನ್ನೊಂದು ಕಾರಣವೂ ಇತ್ತು. ನಮ್ಮ ಮುತ್ಯಾ ಭಾಲ್ಕಿಯ ಕಡೆಯವರು. ಸರಕಾರಿ ಚಾಕರಿ ಸಿಕ್ಕಿ ಹೈದರಾಬಾದಿಗೆ ಬಂದಾಗ ಅವರು ಬೇರೆ ಊರಿಗೆ ಬಂದಿದ್ದರೇ ಹೊರತು ಬೇರೆ ರಾಜ್ಯಕ್ಕೆ ಬಂದಿರಲಿಲ್ಲ. ಆಗ ಬೀದರವೂ ಹೈದರಾಬಾದ್ ರಾಜ್ಯದ ಒಂದು ಜಿಲ್ಲೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಜಿಲ್ಲೆ ಮೂರು ಪಾಲಾಯಿತು. ಬೀದರ ಭಾಲ್ಕಿಗಳು ಮೈಸೂರಿಗೆ, ಉದಗೀರದ ಕಡೆಯದು ಮುಂಬಯಿಗೆ, ಜಹೀರಾಬಾದು ನಾರಾಯಣಖೇಡಗಳು ಆಂಧ್ರಕ್ಕೆ ಸೇರಿದವು. ಮುತ್ಯಾ ಕುಳಿತಿದ್ದ ಕುರ್ಚಿ ಕದಲಲಿಲ್ಲ, ಗಡಿ ಕದಲಿತು. ಮಲಗಿ ಏಳುವಷ್ಟರಲ್ಲಿ ಅವರು ಹೊರನಾಡ ಕನ್ನಡಿಗರಾದರು. ಮೂರನೆಯ ತಲೆಮಾರಿನವನಾದ ನಾನೂ ಇದೇ ಊರಿನಲ್ಲಿ ಗುಮಾಸ್ತಿಕೆ ಮಾಡುತ್ತಿದ್ದೇನೆ. ಭಾಲ್ಕಿಯ ಹೊಲ ಮನೆ ಕೈಬಿಟ್ಟು ಎಷ್ಟೋ ಕಾಲವಾಯಿತು. ಒಂಬತ್ತು ವರ್ಷದ ಮಗನಿಗೆ ನಮ್ಮ ಸೀಮೆಯನ್ನಾದರೂ ತೋರಿಸೋಣವೆಂದು, ಎರಡನೆಯ ಶನಿವಾರದ ರಜೆ ನೋಡಿಕೊಂಡು ಹೊರಟೆವು.

ಜಹೀರಾಬಾದು ದಾಟಿದ ಮೇಲೆ ನೆಲ ಕೆಂಪಗಾಗುತ್ತ ಹೋಗುತ್ತದೆ, ಅಂಗಡಿಗಳ ಬೋರ್ಡುಗಳು ಕನ್ನಡವಾಗುತ್ತವೆ. ಶಾಲೆಯಲ್ಲಿ ತೆಲುಗು ಕಲಿಯುವ ನಮ್ಮ ಹುಡುಗ ಒಂದೊಂದನ್ನೂ ಗಟ್ಟಿಯಾಗಿ ಓದತೊಡಗಿದ. ಅಕ್ಷರಗಳೆಲ್ಲ ಅವನಿಗೆ ಗುರುತಿನವೇ. ತಲೆಕಟ್ಟು ಮಾತ್ರ ಬೇರೆ. "ಅಪ್ಪಾ, ಇವರು ನಮ್ಮ ಅಕ್ಷರಕ್ಕೆ ಬೇರೆ ಟೋಪಿ ಹಾಕಿದ್ದಾರೆ" ಎಂದ. ಬಸ್ಸಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಆದರೆ ಅವನ ಬಾಯಲ್ಲಿ "ನಮ್ಮ ಅಕ್ಷರ" ಎಂದರೆ ತೆಲುಗು ಎಂಬುದು ಮನಸ್ಸಿನ ಮೂಲೆಯಲ್ಲಿ ಚುಚ್ಚಿತು.

ಬೀದರದ ಕೋಟೆ ನೋಡತಕ್ಕದ್ದೇ. ಜಂಬಿಟ್ಟಿಗೆಯ ಬಂಡೆಯನ್ನೇ ಕಡಿದು ಮಾಡಿದ ಮೂರು ಸಾಲಿನ ಕಂದಕ ಬೇರೆಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಬಹಮನಿ ಸುಲ್ತಾನ ಅಹಮದ್ ಶಾಹನು 15ನೆಯ ಶತಮಾನದ ಪೂರ್ವಾರ್ಧದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದನು. ಒಳಗೆ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂಡಿಸಿದ ಕೆಲಸವಿದೆ ಎಂದು ಓದಿದ್ದ ಮಹಲಿಗೆ ಓಡಿದೆವು. ಬಾಗಿಲಿಗೆ ಬೀಗ. ಕೀಲಿಕೈಯವರು ಊಟಕ್ಕೆ ಹೋಗಿದ್ದಾರೆಂದು ತಿಳಿಯಿತು. ಹತ್ತು ವರ್ಷದಿಂದ ಸರಕಾರಿ ಕಚೇರಿಯಲ್ಲಿರುವ ನನಗೆ ಆ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಂದಕದಲ್ಲಿ ಪ್ಲಾಸ್ಟಿಕ್ ಬಾಟಲಿಗಳು; ಆರುನೂರು ವರ್ಷದ ಗೋಡೆಯ ಮೇಲೆ ಮೊಳೆಯಿಂದ ಕೆತ್ತಿದ ಪ್ರೇಮಿಗಳ ಹೆಸರುಗಳು. ನನ್ನ ಮನೆಯವರು, "ಇದನ್ನು ನೋಡಲು ಇಷ್ಟು ದೂರ ಬರಬೇಕಾಗಿತ್ತೇ? ಗೋಲಕೊಂಡದಲ್ಲೇ ಇತ್ತಲ್ಲ" ಎಂದರು. ಉತ್ತರ ಹೊಳೆಯಲಿಲ್ಲ.

ಉತ್ತರ ಸಿಕ್ಕದ್ದು ಪೇಟೆಯೊಳಗಿನ ಮಹಮೂದ್ ಗವಾನನ ಮದರಸಾದ ಮುಂದೆ. ಗವಾನನು ಇರಾನಿನ ಗಿಲಾನ್ ಸೀಮೆಯವನು. ವ್ಯಾಪಾರಕ್ಕೆಂದು ಬಂದವನು ಇಲ್ಲೇ ನಿಂತು ಮುಖ್ಯಮಂತ್ರಿಯಾದನು. 1472ರಲ್ಲಿ ಮೂರು ಅಂತಸ್ತಿನ ಈ ವಿದ್ಯಾಲಯವನ್ನು ಕಟ್ಟಿಸಿದನು. ವಿದ್ಯಾರ್ಥಿಗಳಿಗೆ, ಗುರುಗಳಿಗೆ ವಾಸದ ಕೋಣೆಗಳು, ಪುಸ್ತಕ ಭಂಡಾರ, ಮುಂದೆ ಎರಡು ಎತ್ತರದ ಮಿನಾರುಗಳು. 1696ರಲ್ಲಿ ಒಳಗಿದ್ದ ಮದ್ದುಗುಂಡು ಸಿಡಿದು ಒಂದು ಮಿನಾರೂ ಕಟ್ಟಡದ ಮುಂಭಾಗದ ದೊಡ್ಡ ಪಾಲೂ ಹಾರಿಹೋದವು. ಉಳಿದ ಒಂಟಿ ಮಿನಾರಿನ ಮೇಲೆ ನೀಲಿ, ಹಸಿರು, ಬಿಳಿಯ ಬಿಲ್ಲೆಗಳು ಅಲ್ಲಲ್ಲಿ ಇನ್ನೂ ಹೊಳೆಯುತ್ತಿವೆ.

ಆಗ ದರಬಾರಿನಲ್ಲಿ ಎರಡು ಪಕ್ಷಗಳು: ಇಲ್ಲಿಯವರೆನ್ನುವ ದಖನಿಗಳು, ಹೊರಗಿನಿಂದ ಬಂದ ಪರದೇಶಿಗಳು. ಗವಾನನು ಇಬ್ಬರಿಗೂ ಅಧಿಕಾರವನ್ನು ಸಮನಾಗಿ ಹಂಚಲು ಯತ್ನಿಸಿದನು. ವೈರಿಗಳು ಅವನ ಮೊಹರು ಕಾಯುವವನನ್ನು ಒಳಗೆ ಹಾಕಿಕೊಂಡು, ಖಾಲಿ ಕಾಗದಕ್ಕೆ ಮೊಹರು ಒತ್ತಿಸಿಕೊಂಡರು. ಆಮೇಲೆ ಅದರ ಮೇಲೆ, ಒರಿಸ್ಸಾದ ಅರಸನನ್ನು ದಂಡೆತ್ತಿ ಬರಲು ಕರೆಯುವ ಪತ್ರ ಬರೆದರು. ಕುಡಿದ ಮತ್ತಿನಲ್ಲಿದ್ದ ಸುಲ್ತಾನನು ವಿಚಾರಣೆಯಿಲ್ಲದೆ ಆ ಮುದುಕನ ತಲೆ ತೆಗೆಸಿದನು. ಇದು 1481ರ ಸಂಗತಿ. ಮರುವರ್ಷ ಸುಲ್ತಾನನೂ ಸತ್ತನು. ಕೆಲವೇ ದಶಕಗಳಲ್ಲಿ ರಾಜ್ಯ ಐದು ಹೋಳಾಯಿತು. ದಿನವೂ ಸೀಲು ಒತ್ತುವ ನನ್ನಂಥವನಿಗೆ ಈ ಕಥೆ ಓದಿದಾಗಲೆಲ್ಲ ಬೆನ್ನು ತಣ್ಣಗಾಗುತ್ತದೆ.

ಆ ಐದು ಹೋಳುಗಳಲ್ಲಿ ಒಂದು ಗೋಲಕೊಂಡ. ಅಲ್ಲಿಯ ಕುತುಬಶಾಹಿಗಳ ಮೂಲಪುರುಷನೂ ಇರಾನಿನಿಂದ ಬಂದು ಬಹಮನಿಗಳ ಚಾಕರಿ ಮಾಡಿದವನೇ. ಅವನ ವಂಶದವರು 1591ರಲ್ಲಿ ಕಟ್ಟಿದ್ದು ಹೈದರಾಬಾದು. ಹಾಗೆ ನೋಡಿದರೆ ನಾವು ಬಾಡಿಗೆ ಮನೆಯಲ್ಲಿರುವ ಈ ಮಹಾನಗರ ಬೀದರದ ಮೊಮ್ಮಗಳು. ಗೋಲಕೊಂಡ ಬಿಟ್ಟು ಇಲ್ಲಿಗೇಕೆ ಬರಬೇಕೆಂದು ಕೇಳಿದವರಿಗೆ ಇದನ್ನೇ ಹೇಳಿದೆ. "ಅಜ್ಜಿಯ ಮನೆ ಎಂದ ಮೇಲೆ ಗೋಡೆ ಬಿದ್ದಿದ್ದರೂ ಬರಬೇಕು" ಎಂದರು.

ಸಂಜೆ ಬಿದರಿ ಕೆಲಸದ ಅಂಗಡಿಯೊಂದರ ಮುಂದೆ ಕುಳಿತೆವು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಉಳಿಯಿಂದ ಬಳ್ಳಿ ಹೂ ಕೊರೆದು ಬೆಳ್ಳಿಯ ತಂತಿ ಬಡಿದು ಕೂಡಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ ಕಾಯಿಸಿ ಅದರಲ್ಲಿ ಅದ್ದುತ್ತಾರೆ. ಸತು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಮುದುಕ ಕೆಲಸಗಾರರು ಕೈ ನಿಲ್ಲಿಸದೆ ಕೇಳಿದರು:

"ಎಲ್ಲಿಂದ ಬಂದೀರ್ರಿ?"

"ಹೈದರಾಬಾದಿನಿಂದ."

"ಅದಲ್ರಿ, ಅಸಲ್ ಊರು ಯಾವ್ದು?"

ಭಾಲ್ಕಿ ಎಂದೆ. "ಹಂಗಾದ್ರ ನಮ್ಮವರೇ ಆದ್ರಿ. ಕೂಡ್ರಿ, ಚಾ ಕುಡೀರಿ" ಎಂದರು. ಅವರ ಮನೆಮಾತು ಉರ್ದು, ನಮ್ಮದು ಕನ್ನಡ. ಹೈದರಾಬಾದಿನಲ್ಲಿ ನನ್ನನ್ನು ಯಾರಾದರೂ ಮೂಲ ಊರು ಕೇಳಿದರೆ, ಅದರ ಹಿಂದೆ "ನೀವು ಇಲ್ಲಿಯವರಲ್ಲ" ಎಂಬುದಿರುತ್ತದೆ. ಅದೇ ಪ್ರಶ್ನೆ ಇಲ್ಲಿ ಜಾಗ ಸರಿಸಿ ಕೂಡಿಸಿತು.

ಮರುದಿನ ಅಷ್ಟೂರಿನ ಗೋರಿಗಳನ್ನೂ ನೋಡಿದೆವು. ಸಿಡಿಲು ಹೊಡೆದು ಸೀಳಿದ ಹುಮಾಯೂನನ ಗುಮ್ಮಟ ಒಡೆದ ತೆಂಗಿನಕಾಯಿಯಂತೆ ನಿಂತಿದೆ. ಅಹಮದ್ ಶಾಹನ ಗೋರಿಯ ಉತ್ಸವಕ್ಕೆ ಮುಸಲ್ಮಾನರೂ ಬರುತ್ತಾರೆ, ಲಿಂಗಾಯತರೂ ಬರುತ್ತಾರೆ. ಅಲ್ಲಿ ಯಾರು ಯಾರಿಗೂ ಊರು ಕೇಳುವುದಿಲ್ಲವೆಂದು ಕಾಣುತ್ತದೆ.

ವಾಚಕರು ಒಮ್ಮೆ ಹೋಗಿಬನ್ನಿರಿ. ನೀರು ಬುತ್ತಿ ಕಟ್ಟಿಕೊಳ್ಳಿರಿ, ಖಾಲಿ ಬಾಟಲಿಯನ್ನು ಹಿಂದಕ್ಕೆ ತನ್ನಿರಿ. ಊರು ಕೊಳಕಾಗಿದೆ, ಮುರಿದಿದೆ, ಬೀಗ ಹಾಕಿದೆ. ಇದಾವುದನ್ನೂ ನಾನು ಮುಚ್ಚಿಡುವುದಿಲ್ಲ. ಆದರೂ ಒಂದು ಚಿಕ್ಕ ಬಿದರಿ ಡಬ್ಬಿಯನ್ನು ಮಕ್ಕಳ ಕೈಗೆ ಕೊಟ್ಟು ನೋಡಿರಿ. ಸತು ಎಲ್ಲಿಯದೋ, ಬೆಳ್ಳಿ ಎಲ್ಲಿಯದೋ, ಕಸುಬು ಬಂದದ್ದು ಇರಾನಿನ ಕಡೆಯಿಂದ ಎನ್ನುತ್ತಾರೆ. ಮಣ್ಣು ಮಾತ್ರ ಬೀದರದ್ದು. ಆ ಮಣ್ಣು ತಾಕಿದ ಮೇಲೆ ಅದನ್ನು ಜಗತ್ತೆಲ್ಲ ಬಿದರಿ ಎಂದೇ ಕರೆಯುತ್ತದೆ. ನಮ್ಮ ಮಕ್ಕಳು ತೆಲುಗು ಅಕ್ಷರವನ್ನು ನಮ್ಮದೆನ್ನಲಿ, ತಪ್ಪಿಲ್ಲ. ಕನ್ನಡದ ಮಣ್ಣೂ ಒಮ್ಮೆ ತಾಕಿಸಿಕೊಂಡು ಬರಲಿ.