ಒಂದು ಭಂಡಾರ, ಹಲವು ಬಾಗಿಲು

ಅಮೂಲ್ಯವಾದುದನ್ನು ಸಂಗ್ರಹಿಸುವುದು ಒಂದು ಕಾರ್ಯ. ಸಂಗ್ರಹಿಸಿದುದನ್ನು ಬೇಕಾದವರ ಕೈಗೆ ಎಟುಕುವಂತೆ ಇರಿಸುವುದು ಅದಕ್ಕಿಂತ ಹಿರಿದಾದ ಕಾರ್ಯ. ಈ ಮಾತಿಗೆ ಡಾ. ಫ. ಗು. ಹಳಕಟ್ಟಿಯವರ (1880–1964) ಜೀವನಕ್ಕಿಂತ ಬೇರೊಂದು ನಿದರ್ಶನ ಬೇಕಾಗಿಲ್ಲ. ವಚನಗಳ ತಾಳೆಗರಿಯ ಕಟ್ಟುಗಳು ಎಷ್ಟೋ ಮನೆಗಳಲ್ಲಿ, ಮಠಗಳಲ್ಲಿ ಇದ್ದೇ ಇದ್ದವು. ಓದುವವರಿಗೆ ಮಾತ್ರ ದೊರೆಯುತ್ತಿರಲಿಲ್ಲ. ಅವುಗಳನ್ನು ಅರಸಿ, ಕಲೆಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದ ಆ ಪುಣ್ಯಪುರುಷರು 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಕಟ್ಟಿಟ್ಟಿದ್ದ ಸಂಪತ್ತು ಹೀಗೆ ನಾಡಿನ ಸೊತ್ತಾಯಿತು.

ಅಂಥ ಮಹತ್ಕಾರ್ಯದ ಪಕ್ಕದಲ್ಲಿ ನಮ್ಮ ಮನೆಯ ಸಂಗತಿ ತೀರ ಅಲ್ಪವಾದುದು. ಆದರೂ ಒಳಗಿನ ತತ್ತ್ವ ಒಂದೇ ಎಂದು ತೋರಿದುದರಿಂದ ಇಲ್ಲಿ ನಿವೇದಿಸುತ್ತಿದ್ದೇನೆ.

ಕೊಪ್ಪದಲ್ಲಿರುವ ನಮ್ಮ ಮನೆಯಲ್ಲಿ ನಮ್ಮ ತಂದೆಯವರು ಶ್ರಾವಣಮಾಸದಲ್ಲಿ ಪುರಾಣ ಓದುತ್ತಿದ್ದರು. 1980ರ ದಶಕದಲ್ಲಿ ಅದನ್ನು ಕ್ಯಾಸೆಟ್ಟುಗಳಲ್ಲಿ ಧ್ವನಿಮುದ್ರಿಸಿದ್ದೆವು. ಅವರು ಲಿಂಗೈಕ್ಯರಾದ ಬಳಿಕ ಉಳಿದುದು ಆ ನಲವತ್ತು ಕ್ಯಾಸೆಟ್ಟುಗಳು ಮಾತ್ರ. ಮಲೆನಾಡಿನ ಮಳೆಗಾಲದ ತೇವ ಪುಸ್ತಕವನ್ನೂ ಬಿಡದು, ಕ್ಯಾಸೆಟ್ಟಿನ ಸುರುಳಿಯನ್ನೂ ಬಿಡದು. ಬೂಷ್ಟು ಹಿಡಿಯತೊಡಗಿದಾಗ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದೆವು. ಒಂದು ಗಂಟೆಯ ಧ್ವನಿಯನ್ನು ಸಿ.ಡಿ.ಯ ಗುಣಮಟ್ಟದಲ್ಲಿ, ಕುಗ್ಗಿಸದೆ ಇರಿಸಿದರೆ ಸುಮಾರು 635 ಎಂ.ಬಿ. ಸ್ಥಳ ಬೇಕು, ಎಂಪಿ3 ರೂಪಕ್ಕೆ ಕುಗ್ಗಿಸಿದರೆ ಸುಮಾರು 58 ಎಂ.ಬಿ. ಸಾಕು. ಮೊದಲನೆಯದು ಕಾಪಿಡುವುದಕ್ಕೆ, ಎರಡನೆಯದು ದಿನನಿತ್ಯ ಕೇಳುವುದಕ್ಕೆ ಎಂದು ಎರಡನ್ನೂ ಇಟ್ಟುಕೊಂಡೆವು.

ಆದರೆ ಕಂಪ್ಯೂಟರು ಇದ್ದುದು ಮಾಳಿಗೆಯ ಕೋಣೆಯಲ್ಲಿ. ಮಂಡಿನೋವಿನಿಂದ ಮೆಟ್ಟಿಲು ಹತ್ತಲಾರದ ತಾಯಿಯವರು ಒಂದು ದಿನ, “ಅವರ ದನಿ ಮೇಲಿದೆ, ನಾನು ಕೆಳಗಿದ್ದೀನಪ್ಪಾ” ಎಂದರು. ಆ ಒಂದು ಮಾತು ನನ್ನನ್ನು ಈ ವಿದ್ಯೆಯ ಕಡೆಗೆ ಎಳೆಯಿತು.

ಮಾಳಿಗೆಯ ಕಂಪ್ಯೂಟರಿನ ಫೋಲ್ಡರನ್ನು ಮನೆಯ ಜಾಲದಲ್ಲಿ ಹಂಚಿ, ಕೆಳಗೆ ದೂರದರ್ಶನದ ಪಕ್ಕದಲ್ಲಿ ಮತ್ತೊಂದು ಸಣ್ಣ ಕಂಪ್ಯೂಟರನ್ನಿರಿಸಿ, ಅದರಲ್ಲಿ ‘ಜೆಲ್ಲಿಫಿನ್’ ಎಂಬ ಉಚಿತ ಮೀಡಿಯಾ ಸರ್ವರನ್ನು ಸ್ಥಾಪಿಸಿದೆವು. ಫೋಲ್ಡರು ಹಂಚುವ ಈ ಪದ್ಧತಿಗೆ ಎಸ್‌ಎಂಬಿ ಎಂದು ಹೆಸರು. 1980ರ ದಶಕದಲ್ಲಿ ಐಬಿಎಂ ಸಂಸ್ಥೆಯಲ್ಲಿ ಹುಟ್ಟಿದ್ದು. ವಿಂಡೋಸ್ ಅಲ್ಲದ ಯಂತ್ರಗಳೂ ಈ ಭಾಷೆಯನ್ನಾಡುವಂತೆ ಮಾಡಿದ ತಂತ್ರಾಂಶವನ್ನು ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಡ್ಜೆಲ್ ಅವರು 1992ರಲ್ಲಿ ಲೋಕಕ್ಕೆ ಉಚಿತವಾಗಿ ನೀಡಿದರು. ಅದರ ಹೆಸರು ‘ಸಾಂಬಾ’. ಎಸ್, ಎಂ, ಬಿ ಎಂಬ ಅಕ್ಷರಗಳಿಂದ ಹುಟ್ಟಿದ ಆ ಹೆಸರಿಗೂ ನಮ್ಮ ಸಾಂಬಶಿವನಿಗೂ ಸಂಬಂಧವಿಲ್ಲದಿದ್ದರೂ, ಕೇಳಿದ ತಾಯಿಯವರು ಕೈಮುಗಿದರು!

ಇಲ್ಲಿ ಅನೇಕರಿಗೆ ಎದುರಾಗುವ ಒಂದು ತೊಡಕಿದೆ. ಕೆಳಗಿನ ಯಂತ್ರದ ಮುಂದೆ ಕುಳಿತ ನಮಗೆ ಮೇಲಿನ ಫೋಲ್ಡರು ಸ್ಪಷ್ಟವಾಗಿ ಕಾಣುತ್ತದೆ. ಮೀಡಿಯಾ ಸರ್ವರಿಗೆ ಮಾತ್ರ ಕಾಣುವುದಿಲ್ಲ. ಕಾರಣವಿಷ್ಟೆ: ಸರ್ವರು ಸಾಮಾನ್ಯವಾಗಿ ನಮ್ಮ ಹೆಸರಿನಲ್ಲಿ ನಡೆಯುವುದಿಲ್ಲ, ತೆರೆಮರೆಯ ಸೇವೆಯಾಗಿ ಬೇರೆಯೇ ಖಾತೆಯಲ್ಲಿ ನಡೆಯುತ್ತದೆ. ವಿಂಡೋಸ್‌ನಲ್ಲಿ ದೂರದ ಫೋಲ್ಡರಿಗೆ ನಾವು ಕೊಡುವ ಡ್ರೈವ್ ಅಕ್ಷರ ನಮ್ಮ ಲಾಗಿನ್ನಿಗಷ್ಟೇ ಸೀಮಿತ. ಆದುದರಿಂದ ಸರ್ವರಿಗೆ ಪೂರ್ಣ ವಿಳಾಸವನ್ನು, ಎಂದರೆ ಎರಡು ಓರೆಗೆರೆಗಳಿಂದ ತೊಡಗಿ ಯಂತ್ರದ ಹೆಸರು, ಬಳಿಕ ಫೋಲ್ಡರಿನ ಹೆಸರನ್ನು ಕೊಡಬೇಕು. ಅದು ನಡೆಯುವ ಖಾತೆಗೆ ಪ್ರವೇಶದ ಅಧಿಕಾರವನ್ನೂ ಕೊಡಬೇಕು. ಲಿನಕ್ಸ್‌ನಲ್ಲಾದರೆ ಆ ಫೋಲ್ಡರನ್ನು ಸ್ಥಳೀಯವಾದ ಒಂದು ಜಾಗಕ್ಕೆ ಜೋಡಿಸಿ, ಸರ್ವರಿನ ಖಾತೆಗೆ ಓದುವ ಹಕ್ಕನ್ನು ನೀಡಬೇಕು. ದಾಸೋಹದ ದಿನ ಉಗ್ರಾಣದ ಕೀಲಿಕೈ ಯಜಮಾನನ ಸೊಂಟದಲ್ಲೇ ಉಳಿದರೆ ಬಡಿಸುವವನ ಕೈಗೆ ಅನ್ನ ಬಾರದು.

ಕೀಲಿಕೈ ಕೊಡುವುದರಲ್ಲಿಯೂ ಮಿತಿ ಬೇಕು. ಬಡಿಸುವವನಿಗೆ ಓದುವ ಹಕ್ಕಷ್ಟೇ ಸಾಕು. ಬರೆಯುವ, ಅಳಿಸುವ ಹಕ್ಕು ಬೇಡ. ಮನೆಯ ಮಕ್ಕಳು ಯಾವ ಗುಂಡಿಯನ್ನೊತ್ತಿದರೂ ಅಜ್ಜನ ದನಿ ಅಳಿಯದು.

ನಮ್ಮ ಮಲೆನಾಡಿಗೆ ವಿಶೇಷವಾದ ಮಾತು ಇನ್ನೊಂದಿದೆ. ಆಷಾಢದ ಗಾಳಿಮಳೆಗೆ ಮರ ಬಿದ್ದು ವಿದ್ಯುತ್ತು ಹೋಗುವುದು, ಮರಳಿ ಬರುವುದು ಇಲ್ಲಿ ನಿತ್ಯದ ಮಾತು. ವಿದ್ಯುತ್ತು ಬಂದಾಗ ಕೆಳಗಿನ ಯಂತ್ರ ಮೊದಲು ಎಚ್ಚತ್ತು, ಮೇಲಿನದು ತಡವಾದರೆ, ಸರ್ವರಿಗೆ ಭಂಡಾರ ಬರಿದಾಗಿ ಕಾಣುತ್ತದೆ. ಆ ಹೊತ್ತಿನಲ್ಲೇ ಅದು ಪಟ್ಟಿಯನ್ನು ಪರಿಷ್ಕರಿಸಿದರೆ ಹೆಸರುಗಳು ಪಟ್ಟಿಯಿಂದ ಬಿದ್ದುಹೋಗಬಹುದು. ಕಡತಗಳು ಮಾತ್ರ ಸುರಕ್ಷಿತವಾಗಿರುತ್ತವೆ, ಮತ್ತೊಮ್ಮೆ ಪರಿಷ್ಕರಿಸಿದರೆ ಪಟ್ಟಿಗೆ ಮರಳುತ್ತವೆ. ರೂಟರಿನಲ್ಲಿ ಮೇಲಿನ ಯಂತ್ರಕ್ಕೆ ಬದಲಾಗದ ವಿಳಾಸವನ್ನು ನಿಗದಿಪಡಿಸುವುದೂ, ಜಾಲ ಸಿದ್ಧವಾದ ಮೇಲೆಯೇ ಫೋಲ್ಡರನ್ನು ಜೋಡಿಸುವಂತೆ ಸೂಚಿಸುವುದೂ ಇದಕ್ಕೆ ಪರಿಹಾರ. ಒಂದು ಸಮಾಧಾನವೆಂದರೆ, ಮನೆಯೊಳಗಿನ ಈ ಜಾಲಕ್ಕೆ ಹೊರಗಿನ ಇಂಟರ್ನೆಟ್ಟು ಬೇಕಿಲ್ಲ. ತಂತಿ ಕಡಿದು ಊರೆಲ್ಲ ಮೌನವಾದಾಗಲೂ ಯು.ಪಿ.ಎಸ್. ಇದ್ದಷ್ಟು ಹೊತ್ತು ಪುರಾಣ ನಡೆಯುತ್ತದೆ.

ಶೃಂಗೇರಿಯಲ್ಲಿರುವ ತಮ್ಮನೂ ನರಸಿಂಹರಾಜಪುರದಲ್ಲಿರುವ ತಂಗಿಯೂ ತಮಗೂ ಬಾಗಿಲು ತೆರೆಯುವಂತೆ ಕೇಳಿದರು. ಹಂಚಿದ ಫೋಲ್ಡರನ್ನು ಇಂಟರ್ನೆಟ್ಟಿಗೆ ನೇರವಾಗಿ ತೆರೆದಿಡಬಾರದು. 2017ರ ಮೇ ತಿಂಗಳಿನಲ್ಲಿ ‘ವಾನಾಕ್ರೈ’ ಎಂಬ ಪಿಡುಗು ಎಸ್‌ಎಂಬಿಯ ಹಳೆಯ ಆವೃತ್ತಿಯ ದೋಷವನ್ನೇ ಹಿಡಿದು ಜಗತ್ತಿನಾದ್ಯಂತ ಕಂಪ್ಯೂಟರುಗಳಿಗೆ ನುಗ್ಗಿತ್ತು. ಆದುದರಿಂದ ಒಂದೊಂದು ಡಿಸ್ಕಿನಲ್ಲಿ ಪೂರ್ಣ ಪ್ರತಿಯನ್ನು ತುಂಬಿ ಇಬ್ಬರಿಗೂ ಒಯ್ದುಕೊಟ್ಟೆ. ಇದರಿಂದ ಮತ್ತೊಂದು ಲಾಭವಾಯಿತು. ಒಂದೇ ಡಿಸ್ಕಿಗೆ ಎಷ್ಟು ಬಾಗಿಲು ತೆರೆದರೂ ಅದು ಕೆಟ್ಟ ದಿನ ಎಲ್ಲ ಬಾಗಿಲುಗಳೂ ಮುಚ್ಚುತ್ತವೆ. ಈಗ ತುಂಗೆಯ ದಡದ ಊರಿನಲ್ಲೊಂದು, ಭದ್ರೆಯ ಹಿನ್ನೀರಿನ ಊರಿನಲ್ಲೊಂದು, ಕೊಪ್ಪದಲ್ಲೊಂದು, ಹೀಗೆ ಮೂರು ಪ್ರತಿಗಳಿವೆ. ಒಂದೆಡೆ ಸಿಡಿಲು ಬಡಿದರೂ ಇನ್ನೆರಡು ಉಳಿಯುತ್ತವೆ.

ಈಗ ತಾಯಿಯವರು ಸಂಜೆ ಲಿಂಗಪೂಜೆ ಮುಗಿಸಿ, ತಾವೇ ಗುಂಡಿಯೊತ್ತಿ ಪುರಾಣ ಕೇಳುತ್ತಾರೆ. ನಡುವೆ ತಂದೆಯವರು ಕೆಮ್ಮಿದ ಸದ್ದು ಬಂದಾಗ ಅವರ ಮುಖ ಅರಳುತ್ತದೆ.

ನಮ್ಮ ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿಯೂ ಶಾಲಾ ವಾರ್ಷಿಕೋತ್ಸವದ ಛಾಯಾಚಿತ್ರಗಳು, ಪೂಜ್ಯರ ಆಶೀರ್ವಚನದ ಕ್ಯಾಸೆಟ್ಟುಗಳು, ಗುರುಗಳ ಹಸ್ತಾಕ್ಷರದ ಪತ್ರಗಳು ಪೆಟ್ಟಿಗೆಗಳಲ್ಲಿ ಉಳಿದಿರಬಹುದು. ಅವನ್ನೆಲ್ಲ ಶಾಲೆಯಲ್ಲಿ ಒಂದೆಡೆ ಕೂಡಿಸಿ, ಪ್ರತಿಯೊಂದು ತರಗತಿಯ ಪರದೆಗೂ ತಲುಪುವಂತೆ ಹಂಚಿದರೆ ಇಂದಿನ ಮಕ್ಕಳು ತಮ್ಮ ಶಾಲೆಯ ಹಿರಿಯರನ್ನು ಕಾಣುವರು, ಕೇಳುವರು. ದಾನಿಗಳು ಒಂದು ಡಿಸ್ಕನ್ನು, ಶಿಕ್ಷಕರು ಕೆಲವು ಸಂಜೆಗಳನ್ನು, ಹಳೆಯ ವಿದ್ಯಾರ್ಥಿಗಳು ತಮ್ಮ ಪೆಟ್ಟಿಗೆಗಳನ್ನು ನೀಡಿದರೆ ಇದು ಅಸಾಧ್ಯವೇನೂ ಅಲ್ಲ. ಮುಂದಿನ ಮಳೆಗಾಲಕ್ಕೆ ಮೊದಲೇ ಈ ಕೆಲಸ ಆರಂಭವಾಗಲೆಂದು ಎಲ್ಲರಲ್ಲಿಯೂ ವಿನಯಪೂರ್ವಕವಾಗಿ ಬಿನ್ನವಿಸಿಕೊಳ್ಳುತ್ತೇನೆ.