ಬೀಗದ ಕೈಯ ಮೌನ

ಕಡಬದ ನಮ್ಮ ಹಳೆಯ ಮನೆಯಲ್ಲಿ ಅಡಿಕೆ ಕೋಣೆಯ ಬೀಗದ ಕೈ ಅಜ್ಜಿಯ ಸೊಂಟ ಬಿಟ್ಟು ಕದಲುತ್ತಿರಲಿಲ್ಲ. ಆಕೆಯ ಮೊಮ್ಮಗನಾದ ನಾನೋ, ಬ್ಯಾಂಕಿನ ಪಾಸ್‌ವರ್ಡನ್ನು ಪಾಠದ ಟಿಪ್ಪಣಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟವನು!

ಸುಳ್ಯದಿಂದ ಬಂದ ಅಕ್ಕನ ಮಗ ಅದನ್ನು ಕಂಡು ನಕ್ಕ. "ಮಾವ, ಇದನ್ನೆಲ್ಲ ಫೋನೇ ನೆನಪಿಡುತ್ತದೆ, ನೀವು ಬೆರಳಿಟ್ಟರೆ ಸಾಕು" ಎಂದು ಪಾಸ್‌ವರ್ಡ್ ಮ್ಯಾನೇಜರ್ ಹಾಕಿಕೊಟ್ಟ. ಅದು ತಾನೇ ಹೆಸರು, ಪಾಸ್‌ವರ್ಡ್ ತುಂಬುವ ಏರ್ಪಾಡು ಆಂಡ್ರಾಯ್ಡ್ ಫೋನುಗಳಿಗೆ ಬಂದದ್ದು 2017ರಲ್ಲಿ.

ಮೊನ್ನೆ ಪುತ್ತೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಒಂದು ಸಂದೇಶ: ನಿಮ್ಮ ಖಾತೆ ಇಂದೇ ಸ್ಥಗಿತ! ಮಗಳ ಕಾಲೇಜು ಶುಲ್ಕದ ಹಣವೆಲ್ಲ ಅದರಲ್ಲೇ ಇತ್ತು. ಗಾಬರಿಯಿಂದ ಒತ್ತಿದೆ. ಬ್ಯಾಂಕಿನದೇ ಬಣ್ಣ, ಅದೇ ಮುದ್ರೆ. ಫೋನು ಮಾತ್ರ ಏನನ್ನೂ ತುಂಬದೆ ಸುಮ್ಮನಿತ್ತು. ಯಂತ್ರ ಕೆಟ್ಟಿತೆಂದು ಬೈದು ಚೀಲದಿಂದ ಟಿಪ್ಪಣಿ ಪುಸ್ತಕ ತೆಗೆದೆ. ನಾಲ್ಕಕ್ಷರ ಒತ್ತುವಷ್ಟರಲ್ಲಿ ಮೇಲಿನ ವಿಳಾಸದತ್ತ ಕಣ್ಣು ಹೋಯಿತು. ಬ್ಯಾಂಕಿನ ಹೆಸರಿನಲ್ಲಿ ಒಂದಕ್ಷರ ಹೆಚ್ಚಿಗೆಯಿತ್ತು!

ನಾವು ಮುಖ ನೋಡಿ ನಂಬುತ್ತೇವೆ. ಅದು ವಿಳಾಸ ನೋಡುತ್ತದೆ. ಪಾಸ್‌ವರ್ಡ್ ಯಾವ ವಿಳಾಸದ್ದೋ ಅಲ್ಲಿಗಷ್ಟೇ ತುಂಬುತ್ತದೆ.

ಮನೆಗೆ ಬಂದು ಆ ಕೊನೆಯ ಹಾಳೆಯನ್ನು ಬಚ್ಚಲೊಲೆಗೆ ಹಾಕಿದೆ. ಅಜ್ಜಿಯ ನೆನಪಾಯಿತು. ಅಜ್ಜನ ಹೆಸರು ಹೇಳಿಕೊಂಡು ಬಂದ ಅಪರಿಚಿತರಿಗೆ ಆಕೆ ಬೆಲ್ಲ-ನೀರು ಕೊಡುತ್ತಿದ್ದಳು; ಬೀಗದ ಕೈ ಕೊಡುತ್ತಿರಲಿಲ್ಲ.